ಗಾಜಿನೊಳಗೂ ಹೊಳೆಯ ಬುದ್ಧಿ

ಅಕ್ವೇರಿಯಂ ಅಂಗಡಿಯಲ್ಲಿ ಸಿವೆರಮ್ ಮರಿಯನ್ನು ನೋಡಿ ಯಾರೂ ಮರುಳಾಗುವುದಿಲ್ಲ. ಎರಡು ಇಂಚು ಉದ್ದ, ಮಾಸಲು ಹಸಿರು ಮೈ, ಪಕ್ಕೆಯ ಮೇಲೆ ಅಷ್ಟೇನೂ ಎದ್ದು ಕಾಣದ ಕಪ್ಪು ಪಟ್ಟೆಗಳು. ಪಕ್ಕದ ಟ್ಯಾಂಕಿನಲ್ಲಿ ಕುಣಿಯುವ ಗಪ್ಪಿಗಳ ಮುಂದೆ ಇದು ಬಡಪಾಯಿ. "ಇದು ಎಷ್ಟು ದೊಡ್ಡದಾಗುತ್ತೆ?" ಎಂದು ಕೇಳಿದರೆ "ಟ್ಯಾಂಕ್ ಎಷ್ಟಿರುತ್ತೋ ಅಷ್ಟೇ ಸಾರ್, ಅದಕ್ಕೆ ತಕ್ಕಂಗೆ ನಿಂತುಬಿಡುತ್ತೆ" ಎಂಬ ಉತ್ತರ ಬರುತ್ತದೆ. ಈ ಹವ್ಯಾಸದಲ್ಲಿ ಇಷ್ಟು ಮೀನುಗಳನ್ನು ಕೊಂದ ಮಾತು ಇನ್ನೊಂದಿರಲಾರದು. ಮೀನು ಟ್ಯಾಂಕಿನ ಅಳತೆ ನೋಡಿಕೊಂಡು ಬೆಳೆಯುವುದಿಲ್ಲ. ಇಕ್ಕಟ್ಟಿನಲ್ಲಿ, ತನ್ನದೇ ಹೊಲಸು ತುಂಬಿದ ನೀರಿನಲ್ಲಿ ಅದರ ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ಮೆತ್ತಿಕೊಳ್ಳುತ್ತದೆ. ಹತ್ತು ವರ್ಷ ಬಾಳಬಹುದಾದ ಜೀವ ಎರಡೋ ಮೂರೋ ವರ್ಷಕ್ಕೆ ಮುಗಿಯುತ್ತದೆ. ಅದನ್ನೇ ನಾವು "ನಿಂತುಬಿಟ್ಟಿತು" ಅನ್ನುತ್ತೇವೆ.

ದಕ್ಷಿಣ ಅಮೆರಿಕದ, ಸಿಕ್ಲಿಡ್ ಎಂಬ ಕುಟುಂಬದ ಮಧ್ಯಮ ಗಾತ್ರದ ಮೀನುಗಳ ಕತೆಯೇ ಹೀಗೆ. ಏಂಜೆಲ್ ಮೀನಿಗಿಂತ ಗಟ್ಟಿ ಮೈಕಟ್ಟು, ಒಂದಡಿ ದಾಟುವ ಆಸ್ಕರ್‌ಗಿಂತ ಚಿಕ್ಕವು. ಸಿವೆರಮ್, ಗ್ರೀನ್ ಟೆರರ್, ಬ್ಲೂ ಅಕಾರಾ, ಕೀಹೋಲ್, ಉಆರು, ಮಣ್ಣು ಜಾಲಿಸುವ ಜಿಯೋಫೇಗಸ್ ಎಲ್ಲ ಈ ಸಾಲಿನವು. ಕೀಹೋಲ್ ಅಂಗೈಯಷ್ಟಕ್ಕೆ ಸಾಕೆನ್ನುತ್ತದೆ, ಸಿವೆರಮ್ 20 ಸೆಂ.ಮೀ. ಮುಟ್ಟುತ್ತದೆ, ಗ್ರೀನ್ ಟೆರರ್ ಗಂಡು ಅದನ್ನೂ ಮೀರುತ್ತದೆ. ಸಿವೆರಮ್ ಜೋಡಿಯೊಂದಕ್ಕೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಕನಿಷ್ಠ ಬೇಕು. ಅಂದರೆ ಸುಮಾರು 255 ಲೀಟರ್ ನೀರು. ಗಾಜು, ಮರಳು, ಕಲ್ಲು, ಸ್ಟ್ಯಾಂಡು ಎಲ್ಲ ಸೇರಿದರೆ ಮುನ್ನೂರು ಕಿಲೋ ಮೀರಿದ ಭಾರ ನಡುಮನೆಯ ಒಂದು ಮೂಲೆಯಲ್ಲಿ ಕೂರುತ್ತದೆ. ಬಾಡಿಗೆ ಮನೆಯವರಾದರೆ ಮಾಲೀಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಷ್ಟೆಲ್ಲ ತಾಪತ್ರಯಕ್ಕೆ ಪ್ರತಿಯಾಗಿ ಸಿಗುವುದು ನಮ್ಮನ್ನು ತಿರುಗಿ ನೋಡುವ ಮೀನು. ನಿಯಾನ್ ಟೆಟ್ರಾಗಳ ಗುಂಪು ಎಷ್ಟು ಚಂದವಿದ್ದರೂ ಅವುಗಳ ಲೋಕದಲ್ಲಿ ನಾವಿಲ್ಲ. ಸಿಕ್ಲಿಡ್ ಹಾಗಲ್ಲ. ಯಾರು ಊಟ ಹಾಕುವವರು, ಯಾರು ಬಲೆ ಹಿಡಿದು ಬರುವವರು ಎಂಬುದು ಅದಕ್ಕೆ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ನಾನು ಕೋಣೆಗೆ ಬಂದರೆ ಗಾಜಿನ ಹತ್ತಿರ ಬರುವ ನಮ್ಮ ಗಂಡು ಸಿವೆರಮ್, ಹೊಸಬರು ಬಂದರೆ ಮರದ ಬೊಡ್ಡೆಯ ಹಿಂದೆ ಸರಿದು ಒಂದೇ ಕಣ್ಣು ಹೊರಗಿಟ್ಟು ಅಳೆಯುತ್ತದೆ. ಮೈಬಣ್ಣವನ್ನೂ ಮನಸ್ಸಿಗೆ ತಕ್ಕಂತೆ ಬದಲಿಸುತ್ತದೆ. ಹೆದರಿದರೆ ಪಟ್ಟೆಗಳು ಕಡುಕಪ್ಪು, ನೆಮ್ಮದಿಯಿದ್ದರೆ ಮಾಯ.

ಉಪ್ಪಿನಂಗಡಿಯಿಂದ ಬಂದ ಅಮ್ಮ ಇದನ್ನು ಬಹಳ ಹೊತ್ತು ನೋಡಿದರು. ನಮ್ಮ ಮನೆಯಲ್ಲಿ ಮೀನೆಂದರೆ ಸಾರು, ಇಲ್ಲವೇ ಕಾವಲಿಯ ಮೇಲಿನ ತುಂಡು. "ಎಂತ ಮಾರಾಯ ಇದು, ಇಷ್ಟು ದೊಡ್ಡದನ್ನು ಸುಮ್ಮನೆ ನೋಡ್ಲಿಕ್ಕೆ ಸಾಕುವುದಾ? ಅದಕ್ಕೆ ಕರೆಂಟು ಬೇರೆ!" ಎಂದರು. ಆದರೆ ಮರುದಿನದಿಂದ ಬೆಳಿಗ್ಗೆ ಅದಕ್ಕೆ ಪೆಲೆಟ್ ಹಾಕುವ ಕೆಲಸವನ್ನು ನನ್ನಿಂದ ಕಸಿದುಕೊಂಡರು.

ಇವುಗಳನ್ನು ಸಾಕುವವರು ಮೀನಿನ ಬಗ್ಗೆ ಓದುವುದಕ್ಕಿಂತ ಮೊದಲು ಅದರ ನದಿಯ ಬಗ್ಗೆ ಓದಬೇಕು ಎಂಬುದು ನನ್ನ ಹಟ. "ಇದು ಜಗಳಗಂಟಿ", "ಇದು ಪುಕ್ಕಲು", "ಇದು ಗಿಡ ಕೀಳುವ ಪೋಕರಿ" ಎಂದು ನಾವು ಮೀನಿಗೆ ಅಂಟಿಸುವ ಗುಣಗಳೆಲ್ಲ ಅದರ ನದಿ ಕಲಿಸಿದ ಬದುಕುವ ದಾರಿಗಳು. ಟ್ಯಾಂಕಿನಲ್ಲಿ ಹುಟ್ಟಿದ ಮೀನಿನ ಮೈಯಲ್ಲೂ ಆ ನದಿ ಉಳಿದಿರುತ್ತದೆ.

ಅಮೆಜಾನ್ ಎಂದರೆ ಒಂದೇ ಬಗೆಯ ನೀರಲ್ಲ. ವಿಕಾಸವಾದದ ಚರ್ಚೆಯಲ್ಲಿ ಡಾರ್ವಿನ್ ಜೊತೆ ಹೆಸರು ಬರುವ ಆಲ್ಫ್ರೆಡ್ ರಸೆಲ್ ವಾಲೇಸ್ ಅಲ್ಲಿ ಸುತ್ತಾಡಿ ಬಂದು, 1853ರಲ್ಲೇ ಆ ನೀರನ್ನು ಬಿಳಿ, ಕಪ್ಪು, ತಿಳಿ ಎಂದು ಮೂರಾಗಿ ವಿಂಗಡಿಸಿದ. ಆಂಡಿಸ್ ಬೆಟ್ಟಗಳ ಹೂಳು ಹೊತ್ತು ತರುವ ಸೊಲಿಮೋಯೆಸ್ ನದಿಯದು, ಅಂದರೆ ಅಮೆಜಾನ್‌ನ ಮೇಲ್ಭಾಗದ್ದು, ಬಿಳಿನೀರು. ನೋಡಲು ಹಾಲು ಬೆರೆಸಿದ ಕಂದು. ಎಲೆ ಕೊಳೆತು ಬಣ್ಣ ಬಿಟ್ಟ ರಿಯೊ ನೀಗ್ರೊದ್ದು ಕಪ್ಪುನೀರು. ಅದರ ಪಿಎಚ್ (ನೀರಿನ ಹುಳಿಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 4ರಿಂದ 5ರ ಆಸುಪಾಸು, ಕರಗಿದ ಲವಣ ಇಲ್ಲವೆನ್ನುವಷ್ಟು ಕಡಿಮೆ. ಬ್ರೆಜಿಲ್‌ನ ಹಳೆಯ ಗಟ್ಟಿಬಂಡೆಯ ಮೇಲೆ ಹರಿದು ಬರುವ ತಪಜೋಸ್, ಶಿಂಗು ನದಿಗಳದ್ದು ತಿಳಿನೀರು. ಮನೌಸ್ ನಗರದ ಬಳಿ ಕಪ್ಪು ಮತ್ತು ಕಂದು ನೀರುಗಳು ಕೂಡಿದ ಮೇಲೂ ಕಿಲೋಮೀಟರುಗಟ್ಟಲೆ ಬೆರೆಯದೆ ಒಂದರ ಪಕ್ಕ ಒಂದು ಹರಿಯುತ್ತವೆ.

ಅದಕ್ಕಿಂತ ಮುಖ್ಯವಾದದ್ದು ಏರಿಳಿತ. ಮನೌಸ್‌ನಲ್ಲಿ ರಿಯೊ ನೀಗ್ರೊ ವರ್ಷಕ್ಕೊಮ್ಮೆ ಸುಮಾರು 10 ಮೀಟರ್ ಏರಿ ಇಳಿಯುತ್ತದೆ. ಮೂರು ಮಹಡಿ ಮುಳುಗುವಷ್ಟು. ಜೂನ್ ಹೊತ್ತಿಗೆ ನದಿ ದಂಡೆ ಬಿಟ್ಟು ಕಾಡಿನೊಳಗೆ ಹೊಕ್ಕಿರುತ್ತದೆ. ಮೀನುಗಳು ಮರದ ಕೊಂಬೆಗಳ ನಡುವೆ ಈಜುತ್ತವೆ, ಬಿದ್ದ ಹಣ್ಣು, ಬೀಜ, ಎಲೆ ತಿನ್ನುತ್ತವೆ. ಅಕ್ಟೋಬರ್-ನವೆಂಬರ್‌ಗೆ ಅದೇ ಜಾಗ ಒಣಗಿ ಮರಳದಂಡೆ ಎದ್ದಿರುತ್ತದೆ. ಈ ಏರಿಳಿತಕ್ಕೂ ಒಂದು ಮಿತಿ ಇತ್ತು. 2023ರ ಬರದಲ್ಲಿ ಮನೌಸ್ ಬಳಿ ನೀರು ಅಲ್ಲಿಯವರೆಗಿನ ದಾಖಲೆಯ ತಳಕ್ಕೆ ಇಳಿಯಿತು, ಮರುವರ್ಷ ಅದಕ್ಕಿಂತ ಕೆಳಕ್ಕೆ ಹೋಯಿತು. ಆ ಕತೆ ಇನ್ನೊಮ್ಮೆ.

ಸಿವೆರಮ್ ಈ ಮುಳುಗಿದ ಕಾಡಿನ ಮೀನು. ಅದು ನಮ್ಮ ಟ್ಯಾಂಕಿನ ಗಿಡಗಳನ್ನೆಲ್ಲ ವಾರದೊಳಗೆ ಬೋಳಿಸಿ ಹಾಕಿದರೆ ಅದರಲ್ಲಿ ಪೋಕರಿತನ ಏನೂ ಇಲ್ಲ; ಅದರ ಊಟವೇ ಅದು. ಹಾಗಾಗಿ ನಾನು ಕಾಸು ಕೊಟ್ಟು ಗಿಡ ತಂದು ನೆಡುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್, ಸಿಪ್ಪೆ ಸುಲಿದ ಬಟಾಣಿ, ಸೌತೆಕಾಯಿ ಹೋಳು ಕೊಡುತ್ತೇನೆ. ಕಾಡಿನ ಬೇರು-ಕೊಂಬೆಗಳ ನೆರಳಿನಲ್ಲಿ ಬೆಳೆದ ಜಾತಿಗೆ ಬರೀ ಬೆಳಕು ಸುರಿಯುವ ಬೋಳು ಟ್ಯಾಂಕು ಹಿಂಸೆ. ಎರಡು ಮೂರು ದೊಡ್ಡ ಡ್ರಿಫ್ಟ್‌ವುಡ್ ಬೊಡ್ಡೆ ಹಾಕಿ, ಲೈಟು ಮಂದ ಮಾಡಿ ನೋಡಿ. ಅಡಗಿದ್ದ ಮೀನು ಹೊರಗೆ ಬರುತ್ತದೆ. ಅಡಗಲು ಜಾಗವಿದೆ ಎಂಬ ಧೈರ್ಯ ಬಂದ ಮೇಲೆ ಅದು ಅಡಗುವುದು ಕಡಿಮೆ.

ಹೆಸರಿನ ವಿಷಯಕ್ಕೆ ಬಂದರೆ, ಈ ಗುಂಪಿನ ಬಹಳಷ್ಟು ಹೆಸರುಗಳ ಹಿಂದೆ ಒಬ್ಬ ನದಿ ಕಂಡವನು, ಇನ್ನೊಬ್ಬ ಕುಳಿತು ಬರೆದವನು ಇದ್ದಾರೆ. ಯೊಹಾನ್ ನಾಟರರ್ ಎಂಬ ಆಸ್ಟ್ರಿಯಾದ ಸಂಗ್ರಾಹಕ 1817ರಲ್ಲಿ ಬ್ರೆಜಿಲ್‌ಗೆ ಹೋದವನು 1835ರವರೆಗೆ ಅಲ್ಲೇ ಅಲೆದ. ಅವನು ಕಳಿಸಿದ ಮೀನುಗಳನ್ನು ವಿಯೆನ್ನಾದಲ್ಲಿ ಪರೀಕ್ಷಿಸಿದ ಯೊಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಹೀರೋಸ್, ಜಿಯೋಫೇಗಸ್, ಉಆರು, ಡಿಸ್ಕಸ್ ಮೀನಿನ ಸಿಂಫಿಸೊಡಾನ್ ಈ ಕುಲಗಳಿಗೆಲ್ಲ ಹೆಸರಿಟ್ಟ. ನಮ್ಮ ಅಂಗಡಿಯ ಸಿವೆರಮ್ ಈ ಹೀರೋಸ್ ಕುಲದ್ದು. ಹದಿನೆಂಟು ವರ್ಷ ಸೊಳ್ಳೆ ಕಚ್ಚಿಸಿಕೊಂಡ ನಾಟರರ್‌ನನ್ನು ಟ್ಯಾಂಕ್ ಇಟ್ಟವರಲ್ಲಿ ಹೆಚ್ಚಿನವರು ಕೇಳಿರುವುದೇ ಇಲ್ಲ.

ಈಗ ಆ ನದಿಯಿಂದ ನಮ್ಮ ನಲ್ಲಿಗೆ ಬರೋಣ. ಬೆಂಗಳೂರಿನಲ್ಲಿ ಎರಡು ನೀರು. ಒಂದು, ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಕಾವೇರಿ. ಇನ್ನೊಂದು, ಗೀಸರಿನ ಕಾಯಿಲ್‌ಗೆ ಬಿಳಿ ಪದರ ಕಟ್ಟಿಸುವ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಕಾವೇರಿಯಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ಕಳೆಯದೆ ಸುರಿದರೆ ಮೀನಿನ ಕಿವಿರು ಸುಡುತ್ತದೆ. ಹೈಪೋ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು ಅಗ್ಗ, ಕೆಲಸವೂ ಖಚಿತ. ಬೋರ್‌ವೆಲ್‌ನಲ್ಲಿ ಕ್ಲೋರಿನ್ ಇಲ್ಲ, ಆದರೆ ಗಡಸುತನ ವಿಪರೀತ, ಪಿಎಚ್ ಎಷ್ಟೋ ಕಡೆ 8ರ ಹತ್ತಿರ.

"ದಕ್ಷಿಣ ಅಮೆರಿಕದ ಮೀನಿಗೆ ಮೆದು, ಹುಳಿ ನೀರು ಬೇಕು" ಎಂಬುದು ಎಲ್ಲರೂ ಹೇಳುವ ಮಾತು. ಅರ್ಧ ನಿಜ. ಗ್ರೀನ್ ಟೆರರ್ ಅಮೆಜಾನ್‌ನ ಮೀನೇ ಅಲ್ಲ. ಅದು ಆಂಡಿಸ್‌ನ ಆಚೆ ಬದಿಯದು, ಈಕ್ವೆಡಾರ್ ಮತ್ತು ಪೆರುವಿನಲ್ಲಿ ಪೆಸಿಫಿಕ್ ಕಡಲಿಗೆ ಇಳಿಯುವ ಹೊಳೆಗಳದ್ದು. ಬೋರ್‌ವೆಲ್ ನೀರು ಅದಕ್ಕೆ ಸರಾಗ. ಬ್ಲೂ ಅಕಾರಾದ ಮೂಲ ಟ್ರಿನಿಡಾಡ್ ಮತ್ತು ವೆನೆಜುವೆಲಾ. ಅದೂ ಹೊಂದಿಕೊಳ್ಳುವ ಜೀವ. ಇನ್ನು ಸಿವೆರಮ್, ತಲೆಮಾರುಗಳಿಂದ ಫಾರ್ಮ್‌ಗಳಲ್ಲೇ ಹುಟ್ಟಿ ಬೆಳೆಯುತ್ತಿರುವುದು. ಚೆನ್ನೈನ ಕೊಳತ್ತೂರಿನಂಥ ಕಡೆ ತಳಿ ಮಾಡಿದ ಮರಿ ರಿಯೊ ನೀಗ್ರೊವನ್ನು ಕನಸಿನಲ್ಲೂ ಕಂಡಿರುವುದಿಲ್ಲ. ಅದು ನಮ್ಮ ನೀರಿನಲ್ಲಿ ಚೆನ್ನಾಗಿಯೇ ಬದುಕುತ್ತದೆ. ಕಾಡಿನಿಂದ ನೇರ ಹಿಡಿದು ತಂದ ಮೀನುಗಳ ಮಾತು ಬೇರೆ, ಅವಕ್ಕೆ ಆರ್‌ಒ ನೀರು ಬೆರೆಸಲೇಬೇಕು. ಪಿಎಚ್ ಇಳಿಸುವ ಬಾಟಲಿ ದ್ರಾವಣಗಳಿಂದ ಮಾತ್ರ ದೂರವಿರಿ. ಗಡಸು ನೀರು ಆ ದ್ರಾವಣವನ್ನು ನುಂಗಿ ಮರುದಿನ ಮೊದಲಿನ ಪಿಎಚ್‌ಗೇ ಮರಳುತ್ತದೆ; ಈ ಎಳೆದಾಟದಲ್ಲಿ ಸುಸ್ತಾಗುವುದು ಮೀನು. ಸ್ವಲ್ಪ ಹೆಚ್ಚಿದ್ದರೂ ಅಲುಗಾಡದ ಪಿಎಚ್ ವಾಸಿ.

ಗಡಸು ನೀರಿನ ನಿಜವಾದ ಅಪಾಯ ಬೇರೆ. ಮೀನಿನ ವಿಸರ್ಜನೆಯಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟೇನೂ ಕೆಡುಕಿಲ್ಲದ್ದು, ಇನ್ನೊಂದು ವಿಷ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಸುಮಾರು 10 ಪಟ್ಟಾಗುತ್ತದೆ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದು ಇನ್ನೂ ಹೆಚ್ಚುತ್ತದೆ. ಹೀಗಾಗಿ ಬೋರ್‌ವೆಲ್ ಮನೆಯವರಿಗೆ ಫಿಲ್ಟರ್ ಎಂದರೆ ಪ್ರಾಣ. ಅದರೊಳಗಿನ ಸ್ಪಂಜು, ಸೆರಾಮಿಕ್ ಚೂರುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟು ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಸಂಸಾರ ಹೂಡಲು ನಾಲ್ಕಾರು ವಾರ ಹಿಡಿಯುತ್ತದೆ. ಟ್ಯಾಂಕ್ ತಂದ ದಿನವೇ ಮೀನೂ ತರುವವರ ಮೀನು ಸಾಯುವುದು ಇಲ್ಲೇ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆಯುವವರೂ ಇದ್ದಾರೆ, ಕ್ಲೋರಿನ್ ನೀರಿಗೆ ಅಷ್ಟೂ ಬ್ಯಾಕ್ಟೀರಿಯಾ ಆಹುತಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು. ಕರೆಂಟು ಗಂಟೆಗಟ್ಟಲೆ ಹೋದರೆ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್‌ನೊಳಗೆ ಆಮ್ಲಜನಕವಿಲ್ಲದೆ ಈ ಬ್ಯಾಕ್ಟೀರಿಯಾ ಸಾಯುತ್ತವೆ ಎಂಬುದನ್ನೂ ನೆನಪಿಡಿ. ಇನ್ವರ್ಟರ್‌ನಲ್ಲಿ ಟಿವಿಗೆ ಕೊಟ್ಟ ಪ್ಲಗ್ಗನ್ನು ಏರ್ ಪಂಪಿಗೆ ಕೊಡುವುದು ನಮ್ಮ ಮನೆಯ ರಾಜಿಸೂತ್ರ.

ಜಿಯೋಫೇಗಸ್‌ಗಳ ವಿಷಯದಲ್ಲಿ ನಾನು ಪಕ್ಷಪಾತಿ ಎಂದು ಮೊದಲೇ ಹೇಳಿಬಿಡುತ್ತೇನೆ. ಹೆಕೆಲ್ ಇಟ್ಟ ಹೆಸರೇ 'ಮಣ್ಣು ತಿನ್ನುವುದು' ಎಂದು. ಅದು ತಿನ್ನುವುದು ಮಣ್ಣನ್ನಲ್ಲ, ಮಣ್ಣಿನೊಳಗಿನದನ್ನು. ತಲೆ ಬಗ್ಗಿಸಿ ಬಾಯಿತುಂಬ ಮರಳು ತುಂಬಿಕೊಳ್ಳುತ್ತದೆ, ಎರಡು ಕ್ಷಣ ಅಗಿಯುತ್ತದೆ, ಕಿವಿರಿನ ಸಂದಿಯಿಂದ ಮರಳು ಧಾರೆಯಾಗಿ ಸೋರುತ್ತದೆ, ಒಳಗೆ ಹುಳುವೋ ಪೆಲೆಟ್ ಚೂರೋ ಉಳಿಯುತ್ತದೆ. ಅಕ್ಕಿ ಕೇರುವ ಅಜ್ಜಿಯ ಮೊರದ ಹದವೇ ಅದು, ಮೊರ ಮಾತ್ರ ಬಾಯೊಳಗಿದೆ. ಇದಕ್ಕೆ ಸಹಾಯ ಮಾಡುವುದು ಸಿಕ್ಲಿಡ್‌ಗಳ ಗಂಟಲಿನಲ್ಲಿರುವ ಎರಡನೆಯ ದವಡೆ. ಮುಂದಿನ ದವಡೆ ಹಿಡಿಯಲು, ಗಂಟಲ ದವಡೆ ಅರೆಯಲು. ಕೆಲಸ ಹೀಗೆ ಹಂಚಿಕೆಯಾದ್ದರಿಂದಲೇ ಮುಂದಿನ ಬಾಯಿ ಒಂದೊಂದು ಜಾತಿಯಲ್ಲಿ ಒಂದೊಂದು ಕಸುಬು ಕಲಿಯಿತು ಎಂದು ಜೀವವಿಜ್ಞಾನಿಗಳು ಹೇಳುತ್ತಾರೆ.

ಈ ಮೀನನ್ನು ಬಣ್ಣದ ಜಲ್ಲಿಕಲ್ಲಿನ ಮೇಲೆ ಸಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ದಿನವಿಡೀ ಮಾಡಬೇಕಾದ ಕೆಲಸವನ್ನೇ ಕಿತ್ತುಕೊಂಡ ಹಾಗೆ. ಮರಳು ಬೇಕು, ಅದೂ ನುಣ್ಣನೆಯದು. ಆದರೆ ಈಗ ಮನೆ ಕಟ್ಟುವವರಿಗೇ ಹೊಳೆ ಮರಳು ಸಿಗುವುದು ಕಷ್ಟ, ಎಲ್ಲೆಡೆ ಎಂ-ಸ್ಯಾಂಡ್. ಎಂ-ಸ್ಯಾಂಡ್ ಬಂಡೆ ಒಡೆದು ಮಾಡಿದ ಪುಡಿ. ಕಾಳುಗಳ ಅಂಚು ಚೂಪು, ಕಿವಿರಿನ ಎಳೆಗಳನ್ನು ಗೀರುತ್ತದೆ. ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳನ್ನು ಮೂಟೆಯಲ್ಲಿ ತಂದು, ತಿಳಿನೀರು ಬರುವ ತನಕ ತೊಳೆದು ಹಾಕಿದರೆ ಚಿಂತೆಯಿಲ್ಲ. ಒಂದೂವರೆ ಇಂಚಿಗಿಂತ ಹೆಚ್ಚು ದಪ್ಪ ಬೇಡ. ಕಲ್ಲುಗಳನ್ನು ಮರಳಿನ ಮೇಲಿಡದೆ ಮೊದಲು ಗಾಜಿನ ತಳದ ಮೇಲಿಟ್ಟು ಆಮೇಲೆ ಮರಳು ಸುರಿಯಿರಿ. ಇವು ಅಗೆದು ಅಗೆದು ಕಲ್ಲನ್ನು ಉರುಳಿಸಿಬಿಡುತ್ತವೆ. ತಂದ ಕಲ್ಲು ಸುಣ್ಣದ್ದೋ ಅಲ್ಲವೋ ತಿಳಿಯಲು ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ, ನೊರೆ ಬಂದರೆ ವಾಪಸ್ ಅಂಗಳಕ್ಕೆ.

ಜಿಯೋಫೇಗಸ್ ಒಂಟಿ ಬದುಕಿನ ಮೀನಲ್ಲ. ಮರಳದಂಡೆಯಲ್ಲಿ ಗುಂಪಾಗಿ ಮೇಯುವ ಜಾತಿ ಅದು. ಎರಡೇ ಇಟ್ಟರೆ ಬಲಿಷ್ಠನು ಮತ್ತೊಂದನ್ನು ಮೂಲೆಗೆ ಒತ್ತುತ್ತಾನೆ. ಐದಾರು ಇದ್ದರೆ ಸಿಟ್ಟು ಹಂಚಿಹೋಗುತ್ತದೆ. ಅವಕ್ಕೆ ಬೇಕಾದದ್ದು ಎತ್ತರವಲ್ಲ, ನೆಲ. 4 ಅಡಿ ಉದ್ದಕ್ಕೆ 2 ಅಡಿ ಅಗಲ ಕೊಟ್ಟರೆ ಅವುಗಳ ನಡೆಯೇ ಬೇರೆಯಾಗುತ್ತದೆ. ಟ್ಯಾಂಕ್ ಮಾಡಿಸುವಾಗ ಎಲ್ಲರೂ ಎತ್ತರ ಕೇಳುತ್ತಾರೆ, ನೋಡಲು ಗತ್ತು ಎಂದು. ಮೀನಿಗೆ ಆ ಗತ್ತಿನಿಂದ ಚಿಕ್ಕಾಸಿನ ಉಪಯೋಗವಿಲ್ಲ.

ಜಗಳದ ಬಗ್ಗೆ ಹೇಳದೆ ಸಿಕ್ಲಿಡ್ ಪುರಾಣ ಮುಗಿಯದು. ಜಗಳವಾಡದ ಹಾಗೆ ಮಾಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಆಗದು. ಗಡಿ ಹಾಕುವುದು, ಗಡಿ ಕಾಯುವುದು ಇವುಗಳ ಹುಟ್ಟುಗುಣ. ನಮ್ಮಿಂದಾಗುವುದು ಜಗಳ ಕೊಲೆಗೆ ತಿರುಗದಂತೆ ಜಾಗ ಹೂಡುವುದು. ನದಿಯಲ್ಲಿ ಸೋತವನು ಹತ್ತು ಮೀಟರ್ ಓಡಿ ಬಚಾವಾಗುತ್ತಾನೆ, ಟ್ಯಾಂಕಿನಲ್ಲಿ ನಾಲ್ಕಡಿಗೆ ಗಾಜು ಸಿಗುತ್ತದೆ. ಆದ್ದರಿಂದ ಗೆದ್ದವನ ಕಣ್ಣಿಗೆ ಸೋತವನು ಬೀಳದಂತೆ ಬೊಡ್ಡೆ, ಕಲ್ಲುಗಳನ್ನು ಅಡ್ಡವಿಡಬೇಕು. ಕಣ್ಣಿಗೆ ಕಾಣದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹೊಸ ಮೀನು ಬಿಡುವ ದಿನ ಟ್ಯಾಂಕಿನೊಳಗಿನ ಸಾಮಾನನ್ನೆಲ್ಲ ಜಾಗ ಬದಲಿಸಿದರೆ ಹಳಬರ ಗಡಿಗಳೂ ಅಳಿಸಿಹೋಗಿ ಎಲ್ಲರೂ ಹೊಸಬರೇ ಆಗುತ್ತಾರೆ. ಮೇಲ್ಗಡೆ ನಿರಾತಂಕವಾಗಿ ತಿರುಗಾಡುವ ಸಾಧು ಮೀನುಗಳ ಹಿಂಡೊಂದಿದ್ದರೆ ಕೆಳಗಿನವಕ್ಕೆ "ಆಪತ್ತೇನೂ ಇಲ್ಲ" ಎಂಬ ಸಂದೇಶ ಹೋಗುತ್ತದೆ. ಹೆಚ್ಚಿನವರು ಸಿಲ್ವರ್ ಡಾಲರ್ ಎಂಬ ಮೀನು ಹಾಕುತ್ತಾರೆ. ನಾನು ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಆದ ಫಿಲಮೆಂಟ್ ಬಾರ್ಬ್ ಹಾಕಿದ್ದೇನೆ. ಗಟ್ಟಿಮುಟ್ಟು, ಚುರುಕು, ಸಿವೆರಮ್ ಬಾಯಿಗೆ ಹಿಡಿಸದ ಗಾತ್ರ. ನಿಯಾನ್ ಟೆಟ್ರಾ ಹಾಕಿದರೆ ಅದು ಅಲಂಕಾರವಲ್ಲ, ತಿಂಡಿ.

ಮಳೆಗಾಲದಲ್ಲಿ ನಮ್ಮ ಸಿವೆರಮ್ ಜೋಡಿ ಮೊಟ್ಟೆಯಿಡುವುದು ಹೆಚ್ಚು. ಹೀಟರ್ ಇರುವ ಟ್ಯಾಂಕಿಗೆ ಹೊರಗಿನ ಮಳೆಯ ಅರಿವು ಹೇಗೆ? ನನ್ನ ಊಹೆ ಇಷ್ಟು: ಆ ತಿಂಗಳುಗಳಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಬರುವ ನೀರು ತಣ್ಣಗಿರುತ್ತದೆ, ವಾರದ ನೀರು ಬದಲಾವಣೆಯಲ್ಲಿ ಒಂದೆರಡು ಡಿಗ್ರಿ ತಂಪಾದ ಹೊಸ ನೀರು ಒಮ್ಮೆಲೇ ಸೇರುತ್ತದೆ. ಅಮೆಜಾನ್‌ನ ಎಷ್ಟೋ ಮೀನುಗಳಿಗೆ ಅದು ಹೊಳೆ ಏರುವ ಸುದ್ದಿ. ಮರಿಗಳಿಗೆ ಮೇವೂ ಮರೆಯೂ ಸಿಗುವ ಕಾಲ ಬಂತು ಎಂದು. ಸಾಕುವವರು ಬೇಕೆಂದೇ ಹೀಗೆ ಮಾಡಿ ಮೊಟ್ಟೆ ಇಡಿಸುವುದೂ ಉಂಟು.

ಮೊದಲು ಜಾಗ ಶುದ್ಧಿ. ಗಂಡು ಹೆಣ್ಣು ಇಬ್ಬರೂ ಸೇರಿ ಒಂದು ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ಉಜ್ಜಿ ಪಾಚಿ ತೆಗೆಯುತ್ತವೆ. ನಮ್ಮಲ್ಲಿ ಆ ಕಲ್ಲು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮಿಕ್ಕ ತುಂಡು. ನಡುನಡುವೆ ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಡುತ್ತವೆ. ನೋಡುವವರಿಗೆ ಜಗಳ, ಅವಕ್ಕೆ ಪರಸ್ಪರ ಬಲ ಪರೀಕ್ಷೆ. ಗಂಡಿನ ಮುಖದ ಮೇಲೆ ಹುಳು ಹರಿದಂಥ ಗೀಟುಗಳಿರುತ್ತವೆ, ಹೆಣ್ಣಿನದು ಸಾಪು. ಇವೆರಡನ್ನು ಗುರುತಿಸಲು ಅದೊಂದೇ ಸುಲಭದ ದಾರಿ. ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸುತ್ತ ಹೋಗುತ್ತದೆ, ಗಂಡು ಹಿಂದೆಯೇ ಬರುತ್ತದೆ. ಕೊನೆಗೆ ಕಲ್ಲಿನ ಮೇಲೆ ನೂರಾರು ಜೇನುಬಣ್ಣದ ಮೊಟ್ಟೆ.

ಆಮೇಲಿನದೇ ನನಗೆ ಎಷ್ಟು ನೋಡಿದರೂ ಸಾಲದ ಭಾಗ. ಒಂದು ಮೀನು ಮೊಟ್ಟೆಗಳ ಮೇಲೆ ರೆಕ್ಕೆಯಿಂದ ನೀರು ಬೀಸುತ್ತಿದ್ದರೆ ಇನ್ನೊಂದು ಗಸ್ತು ತಿರುಗುತ್ತದೆ. ಪಾಳಿ ಬದಲಾಗುತ್ತದೆ. ಬಿಳಿಚಿ ಬೂಸ್ಟು ಹಿಡಿದ ಮೊಟ್ಟೆಯನ್ನು ಆರಿಸಿ ತೆಗೆಯುತ್ತವೆ. ಮೂರು ದಿನದ ಹೊತ್ತಿಗೆ ಮೊಟ್ಟೆ ಒಡೆದು ಬಾಲ ಮಿಡುಕುವ ಎಳೆಗಳಾಗುತ್ತವೆ. ಅವನ್ನು ಬಾಯಲ್ಲಿ ತುಂಬಿಕೊಂಡು, ಮೊದಲೇ ತೋಡಿಟ್ಟ ಮರಳಿನ ಗುಳಿಗೆ ಉಗುಳುತ್ತವೆ, ಸಂಶಯ ಬಂದರೆ ಇನ್ನೊಂದು ಗುಳಿಗೆ ಸಾಗಿಸುತ್ತವೆ. ವಾರ ದಾಟುವಾಗ ಮರಿಗಳು ಮೇಲೆದ್ದು ಮೋಡವಾಗಿ ಅಪ್ಪ ಅಮ್ಮನ ಹಿಂದೆ ಹೊರಡುತ್ತವೆ. ತಾಯಿ ಮೈಯನ್ನು ಒಮ್ಮೆ ಝಾಡಿಸಿದರೆ ಅಷ್ಟೂ ಮರಿಗಳು ತಟಕ್ಕನೆ ಮರಳಿಗೆ ಕೂರುತ್ತವೆ. ಗುಂಪು ಬಿಟ್ಟು ಹೋದ ಮರಿಯನ್ನು ತಂದೆ ಬಾಯಲ್ಲಿ ಹಿಡಿದು ತಂದು ಹಿಂಡಿನೊಳಗೆ ಊದುತ್ತದೆ. ಆ ದಿನಗಳಲ್ಲಿ ಗಾಜಿನಾಚೆಯ ನನ್ನ ಕೈಯನ್ನೂ ಅದು ಕಚ್ಚಲು ಬರುತ್ತದೆ, ದಿನಾ ಊಟ ಹಾಕುವ ಕೈಯನ್ನೇ.

ಹರೆಯದ ಜೋಡಿಗಳು ಮೊದಮೊದಲ ಮೊಟ್ಟೆಗಳನ್ನು ತಾವೇ ತಿಂದುಬಿಡುತ್ತವೆ. ಗಾಬರಿ ಬೇಡ, ಕಲಿಯುತ್ತವೆ. ಗೆಳೆಯರೊಬ್ಬರ ಉಆರುಗಳು ಇನ್ನೊಂದು ಹೆಜ್ಜೆ ಮುಂದೆ: ಡಿಸ್ಕಸ್‌ನಂತೆ ಅವುಗಳ ಮರಿಗಳೂ ಹೆತ್ತವರ ಮೈಯ ಲೋಳೆಯನ್ನೇ ತಿನ್ನುತ್ತವೆ. ಜಿಯೋಫೇಗಸ್‌ಗಳಲ್ಲಿ ಕೆಲವು ಮರಿಗಳನ್ನು ಬಾಯೊಳಗೆ ಸಾಕುತ್ತವೆ. ಅಪಾಯ ಕಂಡರೆ ಮರಿಗಳು ಸಾಲುಗಟ್ಟಿ ಬಾಯಿಗೆ ನುಗ್ಗುತ್ತವೆ.

ಕಷ್ಟ ಬರುವುದು ಇನ್ನೂರು ಮರಿ ಎರಡು ಇಂಚಾದಾಗ. ಸಾಕುವವರಲ್ಲಿ ಯಾರೂ ಇದನ್ನು ಮೊದಲೇ ಯೋಚಿಸಿರುವುದಿಲ್ಲ. ಅಂಗಡಿಯವರು ಒಂದಷ್ಟು ತೆಗೆದುಕೊಂಡು ಬದಲಿಗೆ ಪೆಲೆಟ್ ಡಬ್ಬಿ ಕೊಡುತ್ತಾರೆ, ಪರಿಚಿತರು ಒಂದಷ್ಟು ಒಯ್ಯುತ್ತಾರೆ. ಎಲ್ಲರ ಹತ್ತಿರವೂ ಸಿವೆರಮ್ ಆದ ಮೇಲೆ ನಾನು ಮೊಟ್ಟೆಗಳನ್ನು ಫಿಲಮೆಂಟ್ ಬಾರ್ಬ್‌ಗಳ ಪಾಲಿಗೆ ಬಿಡುತ್ತೇನೆ. ಕ್ರೂರ ಅನ್ನಿಸಬಹುದು. ಹತ್ತಿರದ ಕೆರೆಗೆ "ಪಾಪ, ಬದುಕಿಕೊಳ್ಳಲಿ" ಎಂದು ಸುರಿದು ಬರುವುದು ಅದಕ್ಕಿಂತ ಕ್ರೂರ, ಕೆರೆಗೆ. ಪಾಚಿ ತಿನ್ನುತ್ತದೆ ಎಂದು ಮಾರುವ ಸಕ್ಕರ್ ಮೀನು ಒಂದೂವರೆ ಅಡಿ ಬೆಳೆದಾಗ ಜನ ಹೀಗೇ ಎಸೆದರು. ಈಗ ದೇಶದ ಹಲವು ರಾಜ್ಯಗಳ ಕೆರೆ-ಹೊಳೆಗಳಲ್ಲಿ ಬೆಸ್ತರ ಬಲೆ ಹರಿಯುವುದು ಅದರ ಮುಳ್ಳುಮೈಗೆ. ಪಾಚಿಗೆ ಅದರ ಸಂಬಂಧಿ ಬ್ರಿಸಲ್‌ನೋಸ್ ಸಾಕು, ಗೇಣುದ್ದವೂ ಬೆಳೆಯದು.

ಬಣ್ಣದ ವ್ಯಾಪಾರದ ಬಗ್ಗೆ ಒಂದು ಮಾತು. ಈಗ ಎಲ್ಲೆಡೆ ಸಿಗುವ ಎಲೆಕ್ಟ್ರಿಕ್ ಬ್ಲೂ ಅಕಾರಾ ಯಾವ ನದಿಯಲ್ಲೂ ಇಲ್ಲ, ತಳಿಗಾರರು ರೂಪಿಸಿದ ಬಣ್ಣ ಅದು. ಸಾಧು, ಆರೋಗ್ಯವಂತ, ಹೊಸಬರಿಗೆ ಒಳ್ಳೆಯ ಮೀನು, ನನ್ನ ತಕರಾರಿಲ್ಲ. ತಕರಾರಿರುವುದು 1980ರ ದಶಕದಲ್ಲಿ ತೈವಾನ್‌ನಲ್ಲಿ ಹುಟ್ಟಿದ ಮಿಶ್ರತಳಿಯ ಪ್ಯಾರಟ್ ಮೀನಿನ ಬಗ್ಗೆ. ಅದರ ಬಾಯಿ ಸರಿಯಾಗಿ ಮುಚ್ಚುವುದೇ ಇಲ್ಲ, ಗಂಟಲ ದವಡೆಯಿಂದ ಅರೆದು ಹೇಗೋ ತಿನ್ನುತ್ತದೆ. ಹೃದಯದ ಆಕಾರ ಬರಲೆಂದು ಅದರ ಬಾಲ ಕತ್ತರಿಸಿ ಮಾರುವುದನ್ನೂ ಕಂಡಿದ್ದೇನೆ. ಇನ್ನು ವಾಸ್ತುವಿಗೆಂದು ಫ್ಲವರ್‌ಹಾರ್ನ್ ಎಂಬ ಮಿಶ್ರತಳಿ ಸಿಕ್ಲಿಡ್ ತಂದು ಎರಡಡಿಯ ಟ್ಯಾಂಕಿನಲ್ಲಿ ಒಂಟಿಯಾಗಿಟ್ಟು, ಅದರ ಹಣೆಯ ಗುಬುಟಿನಲ್ಲಿ ಮನೆಯ ಭಾಗ್ಯ ಅಳೆಯುವವರ ಜೊತೆ ನಾನು ವಾದಕ್ಕಿಳಿಯುವುದನ್ನು ಬಿಟ್ಟಿದ್ದೇನೆ.

ಕಪ್ಪುನೀರಿನ ಛಾಯೆ ಬರಲು ಹೊರದೇಶಗಳ ಸಿಕ್ಲಿಡ್ ಪ್ರಿಯರು ಕಾಡುಬಾದಾಮಿಯ ಒಣಗಿದೆಲೆಯನ್ನು ಪೊಟ್ಟಣಗಟ್ಟಲೆ ಕೊಳ್ಳುತ್ತಾರೆ. ನಮ್ಮಲ್ಲಿ ಅದು ಫುಟ್‌ಪಾತಿನ ಕಸ. ವಾಹನದ ಹೊಗೆ ಕುಡಿಯದ ಜಾಗದಲ್ಲಿ ಉದುರಿದ, ಪೂರ್ತಿ ಒಣಗಿದ ಎಲೆ ಆರಿಸಿ, ತೊಳೆದು ಹಾಕಿ. ಎಲೆ ಬಿಡುವ ಟ್ಯಾನಿನ್‌ಗಳಿಂದ ಗಡಸು ನೀರಿನ ಪಿಎಚ್ ಇಳಿಯುವುದೆಂದು ನಂಬಬೇಡಿ, ಬಣ್ಣವಂತೂ ಬರುತ್ತದೆ. ಮೀನು ನೆರಳು ಸಿಕ್ಕಂತೆ ನಿರಾಳವಾಗುತ್ತದೆ.

ಇಷ್ಟು ದೂರದ ಮೀನುಗಳ ಹಿಂದೆ ಬಿದ್ದವನಿಗೆ ಊರಿನ ಮೀನು ಕಂಡಿದ್ದು ತಡವಾಗಿ. ಸಿಕ್ಲಿಡ್ ಎಂದರೆ ನಮ್ಮವರಿಗೆ ಮೊದಲು ಗೊತ್ತಿರುವುದು ತಿಲಾಪಿಯಾ, ಅಂದರೆ ಜಿಲೇಬಿ ಮೀನು. ಅದು ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಆದರೆ ಈ ನೆಲದ್ದೇ ಆದ ಸಿಕ್ಲಿಡ್‌ಗಳು ಮೂರಿವೆ. ಕೇರಳದವರ ಕರಿಮೀನು ಒಂದು, ಅದರ ಪುಟ್ಟ ಬಂಧು ಆರೆಂಜ್ ಕ್ರೊಮೈಡ್ ಇನ್ನೊಂದು. ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್. ಬ್ರಿಟಿಷ್ ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ್ದು, ಹೆಸರಿನಲ್ಲೇ ಕೆನರಾ. ದಕ್ಷಿಣ ಕನ್ನಡದ ಹೊಳೆಗಳ ಸೀಮೆಯಾಚೆ ಅದು ಹೆಚ್ಚೇನೂ ಹರಡಿಲ್ಲ. ಇವುಗಳ ಹತ್ತಿರದ ನೆಂಟರು ಇರುವುದು ಮಡಗಾಸ್ಕರ್‌ನಲ್ಲಿ. ಭೂಖಂಡಗಳು ಬೇರೆಯಾದಾಗಲೇ ಈ ಮೀನುಗಳೂ ಬೇರೆಯಾದವೋ, ಆಮೇಲೆ ಕಡಲು ದಾಟಿ ಹರಡಿದವೋ ಎಂಬ ವಾದ ಇನ್ನೂ ನಡೆದಿದೆ. ಏನೇ ಆಗಲಿ, ಕಲ್ಲು ಶುದ್ಧಿ ಮಾಡಿ ಮೊಟ್ಟೆ ಅಂಟಿಸುವುದು, ಪಾಳಿಯಲ್ಲಿ ಕಾಯುವುದು ಕರಿಮೀನಿಗೂ ಗೊತ್ತು.

ಕೆನರಾದ ಈ ಮೀನನ್ನು ನಾನು ಸಾಕಿಲ್ಲ. ಇಷ್ಟು ಚಿಕ್ಕ ಸೀಮೆಯ ಮೀನನ್ನು ಹೊಳೆಯಿಂದ ಹಿಡಿದು ಮಾರಿದ್ದನ್ನು ಕೊಳ್ಳುವ ಮನಸ್ಸಿಲ್ಲ, ತಳಿ ಮಾಡಿದ ಮರಿ ಇಲ್ಲಿನ ಅಂಗಡಿಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬದಲಿಗೆ, ಮಳೆ ನಿಂತು ನೀರು ತಿಳಿಯಾಗುವ ಡಿಸೆಂಬರ್‌ನಲ್ಲಿ ನೇತ್ರಾವತಿ ಕಡೆ ಹೋಗಿ, ಈಜುಕನ್ನಡಕ ಹಾಕಿಕೊಂಡು ಕಲ್ಲುಗುಂಡಿಗಳಲ್ಲಿ ಇಣುಕುವ ಯೋಚನೆಯಿದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹೊಳೆಗಿಳಿದು ಮೀನು ಹಿಡಿಯದೆ ಬರುವವನನ್ನು ಊರಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ?" ಎಂದು ನಕ್ಕರು. ಆಮೇಲೆ, ಬರುವಾಗ ಪೇಟೆಯಿಂದ ಅರ್ಧ ಕಿಲೋ ಬಂಗುಡೆ ತರಬೇಕೆಂದೂ, ಅದನ್ನು ನೋಡುತ್ತ ಕೂರಬಾರದೆಂದೂ ಹೇಳಿ ಫೋನಿಟ್ಟರು.